ಗೇಟಿನ ಮುಂದಿನ ಮರಳು ಚೀಲ

ಓಣಿಯವರೆಲ್ಲ ಅವಳನ್ನು ದಬ್ಬಣದಮ್ಮ ಅಂತಲೇ ಕರೆಯುತ್ತಿದ್ದರು. ಗೋಣಿಚೀಲ ಹೊಲಿಯುವ ಆ ದಪ್ಪ ಸೂಜಿಯೇ ಅವಳ ಬದುಕು; ನಾಲಿಗೆ ಅದಕ್ಕಿಂತ ಚೂಪು. ಗಂಡ ಸತ್ತ ಮೇಲೆ ಗೋದಾಮಿನ ಸಿಮೆಂಟು ನೆಲದಲ್ಲಿ ಕೂತು ಚೀಲ ಹೊಲಿದೇ ಮಗಳನ್ನು ಸಾಕಿ, ಕಾವಲು ಸಿಪಾಯಿಯೊಬ್ಬನಿಗೆ ಕೊಟ್ಟು ಮದುವೆ ಮಾಡಿದ್ದಳು. ಆ ಅಳಿಯನನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. "ಅವನಿಗೆ ಸ್ವಂತ ಬುದ್ಧಿ ಅನ್ನೋದಿಲ್ಲ. ಅದನ್ನೂ ಸರ್ಕಾರವೇ ಕೊಡಬೇಕು," ಎನ್ನುತ್ತಿದ್ದಳು. ಅವನೂ ಕಡಿಮೆಯೇನಲ್ಲ, ಅತ್ತೆ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಆ ವರ್ಷ ಗಡಿಯಲ್ಲಿ ಗಲಾಟೆ ಎಂದು ಸುದ್ದಿ ಹಬ್ಬಿತು. ಗಡಿ ಎಲ್ಲೋ, ಊರು ಎಲ್ಲೋ. ಆದರೂ ರಕ್ಷಣಾ ಕಚೇರಿಯ ಗೇಟಿನ ಮುಂದೆ ಆಳೆತ್ತರ ಮರಳು ಚೀಲ ಪೇರಿಸಬೇಕೆಂದು ಹುಕುಂ ಆಯಿತು. ಹೊಲಿಗೆ ಕೆಲಸ ಗೋದಾಮಿಗೆ ಬಂತು. ದಬ್ಬಣದಮ್ಮ ರೂಢಿಯಂತೆ ತಳಕ್ಕೆ ಜೋಡಿ ಹೊಲಿಗೆ ಹಾಕತೊಡಗಿದರೆ ಮೇಸ್ತ್ರಿ ದಾರವನ್ನೇ ಕಿತ್ತುಕೊಂಡ.

"ಒಂಟಿ ಹೊಲಿಗೆ ಸಾಕಮ್ಮ. ಶತ್ರು ಬಂದು ಎಳೆದು ನೋಡ್ತಾನಾ? ದೂರದಿಂದ ದಪ್ಪಗೆ ಕಂಡ್ರೆ ಆಯ್ತು."

"ನನ್ನಪ್ಪನ ಗಂಟೇನು ಹೋಗ್ಬೇಕು," ಎಂದು ನಕ್ಕು ಅವಳೂ ಒಂಟಿ ಹೊಲಿಗೆಯನ್ನೇ ಹಾಕಿದಳು.

ಕಚೇರಿಯ ಹಿಂದಿನ ತಗ್ಗಿನಲ್ಲೇ ಅವಳ ಓಣಿ. ಮಳೆ ಜೋರಾದರೆ ದೊಡ್ಡ ಮೋರಿ ಉಕ್ಕಿ ಮನೆಗಳಿಗೆ ನುಗ್ಗುತ್ತಿತ್ತು. ತಡೆಗೋಡೆ ಕಟ್ಟಿಸಿ ಎಂದು ಹೆಂಗಸರೆಲ್ಲ ಹೋಗಿ ಕೇಳಿದಾಗ ಅಧಿಕಾರಿ, "ನಮ್ಮದು ಭದ್ರತೆ ಕೆಲಸ, ಮೋರಿ ಕೆಲಸ ಅಲ್ಲ," ಎಂದು ಅಟ್ಟಿದ್ದ. ಹಿಂದಿನ ಮಳೆಗಾಲದಲ್ಲಿ ಪಕ್ಕದ ಮನೆಯ ಮುದುಕ ಮಂಚದಲ್ಲೇ ಮುಳುಗಿ ಸತ್ತ. ಯಾವ ಶತ್ರುವೂ ಆ ಓಣಿಗೆ ಅಷ್ಟು ಮಾಡಿರಲಿಲ್ಲ.

ಈ ಸಲ ಮೋರಿ ಉಕ್ಕುವ ಹೊತ್ತಿಗೆ ಮಗಳು ಹೆತ್ತು ತವರಿನಲ್ಲಿ ಮಲಗಿದ್ದಳು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದಿದ್ದರು, ಗಾಯ ಕೀವುಗಟ್ಟಿತ್ತು. ರಜೆಗೆ ಆರ್ಡರ್ ಇಲ್ಲವೆಂದು ಅಳಿಯ ಮಗು ನೋಡಲೂ ಬಂದಿರಲಿಲ್ಲ. ಅಲುಗಾಡಿಸಲೇಬೇಡಿ ಎಂದು ನರ್ಸು ಹೇಳಿ ಹೋಗಿದ್ದಳು. ಮಧ್ಯಾಹ್ನ ನೀರು ಹೊಸ್ತಿಲು ದಾಟಿತು. ದಬ್ಬಣದಮ್ಮ ನೆರೆಯ ಹೆಂಗಸರನ್ನು ಕಟ್ಟಿಕೊಂಡು, ತಳ್ಳುಗಾಡಿ ತಳ್ಳುತ್ತ ಸೀದಾ ಕಚೇರಿಯ ಗೇಟಿಗೆ ಹೋದಳು. ಕಾವಲಿಗೆ ನಿಂತಿದ್ದವನು ಅಳಿಯನೇ.

"ಮುಟ್ಬೇಡಿ! ಇದು ದೇಶದ ಭದ್ರತೆಗೆ ಇಟ್ಟಿರೋದು."

"ನಿನ್ನ ಹೆಂಡತಿ ಮಂಚದ ಕಾಲಿಗೆ ನೀರು ಬಂದಿದೆ ಕಣೋ!"

"ಆರ್ಡರ್ ಇಲ್ಲ. ಹಿಂದೆ ಸರೀರಿ, ಗುಂಡು ಹಾರಿಸ್ತೀನಿ."

"ಹಾರಿಸು. ಆ ಕೂಸಿಗೆ ಅಪ್ಪ ಅಂತೂ ಇಲ್ಲ, ಅಜ್ಜಿನೂ ಇಲ್ಲದಂಗೆ ಆಗ್ಲಿ."

ಬಂದೂಕಿಗೆ ಬೆನ್ನು ತಿರುಗಿಸಿ ಮೇಲಿನ ಚೀಲ ಎಳೆದಳು. ತಳ ಬಿಚ್ಚಿ ಮರಳೆಲ್ಲ ಕಾಲ ಮೇಲೆ ಸುರಿಯಿತು. ಅವಳದೇ ಹೊಲಿಗೆ. ಮೇಸ್ತ್ರಿಗೆ, ಕಚೇರಿಗೆ, ಎಲ್ಲರಿಗಿಂತ ಹೆಚ್ಚಾಗಿ ತನಗೇ ಹಿಡಿಶಾಪ ಹಾಕಿಕೊಂಡು ಸೊಂಟದ ದಬ್ಬಣ ತೆಗೆದಳು. ಕೆಸರಲ್ಲೇ ಕೂತು ಒಂದೊಂದು ಚೀಲದ ತಳಕ್ಕೂ ಮತ್ತೊಂದು ಹೊಲಿಗೆ ಹಾಕಿದಳು. ಹಾಕಿದ್ದನ್ನು ಹಾಕಿದಂತೆ ಹೆಂಗಸರು ಹೊತ್ತು ಗಾಡಿಗೇರಿಸಿದರು. ಅಳಿಯ ಬಂದೂಕು ಹಿಡಿದೇ ನಿಂತಿದ್ದ. ಗುಂಡೂ ಹಾರಿಸಲಿಲ್ಲ, ಒಂದು ಚೀಲಕ್ಕೆ ಕೈಯೂ ಕೊಡಲಿಲ್ಲ. ಕೈ ಕೊಡದಿದ್ದುದೇ ಅವಳಿಗೆ ಉರಿ ಹತ್ತಿಸಿತು.

ಸಂಜೆಗೆ ಮೋರಿಯ ದಡದಲ್ಲಿ ಚೀಲಗಳು ಎದ್ದು ನಿಂತವು. ಮಂಚದ ಪಟ್ಟಿ ಮುಟ್ಟುವ ಮೊದಲೇ ನೀರು ನಿಂತಿತು.

ಬೆಳಿಗ್ಗೆ ಅಧಿಕಾರಿ ಲಾರಿ ತಂದ. ಹಿಂದೆ ಅಳಿಯ. ದಬ್ಬಣದಮ್ಮ ಬಾಗಿಲಿಗೆ ಅಡ್ಡಲಾಗಿ ಇಟ್ಟಿದ್ದ ಚೀಲದ ಮೇಲೆ ಕೂತಿದ್ದಳು. ಬೆರಳುಗಳು ಊದಿಕೊಂಡಿದ್ದವು.

"ದೇಶದ ಸೊತ್ತು ಕದ್ದಿದ್ದೀರಿ. ಶತ್ರು ಬಂದ್ರೆ ಯಾರು ಹೊಣೆ?" ಎಂದು ಕೂಗಿದ ಅಧಿಕಾರಿ, ಅಳಿಯನ ಕಡೆ ತಿರುಗಿದ. "ಎತ್ತು ಚೀಲ!"

"ಎತ್ತೋ," ಎಂದಳು ಅವಳು. "ನೀರು ಮೊದಲು ಯಾರನ್ನ ಮುಟ್ಟುತ್ತೆ, ನೋಡ್ಕೊಂಡು ಎತ್ತು."

ಅವನು ಬಗ್ಗಿ ಮೋರಿಯ ದಡದ ಚೀಲಕ್ಕೆ ಕೈ ಹಾಕಿದ. ಒಳಗೆ ಮಗು ಅತ್ತಿತು. ಆ ದನಿಯನ್ನು ಅವನು ಕೇಳಿದ್ದು ಅದೇ ಮೊದಲು. ಅಧಿಕಾರಿ ಮತ್ತೆ ಕೂಗಿದ, ಅವನು ಚೀಲದಿಂದ ಕೈ ತೆಗೆದ. ಬಂದೂಕನ್ನು ಲಾರಿಗೆ ಒರಗಿಸಿ ಬಾಗಿಲ ಕಡೆ ನಡೆದ. ಕಣ್ಣು ತುಂಬಿತ್ತು.

ಅವಳು ಕೂತಲ್ಲಿಂದ ಏಳಲಿಲ್ಲ.

"ನಿಂಗೆ ಆರ್ಡರ್ ಇಲ್ಲ," ಅಂದಳು.