ಅಪ್ಪನ ಸೈಕಲ್ಲಿನ ಬ್ರೇಕು

ದೆವ್ವ, ಪೀಡೆ ಎಂದು ಯಾರಾದರೂ ಮಾತು ತೆಗೆದರೆ ನಕ್ಕು ಎದ್ದು ಹೋಗುತ್ತಿದ್ದವನು ನಾನು. ಹೊನ್ನಾವರದ ಹೈಸ್ಕೂಲೊಂದರಲ್ಲಿ ಇಪ್ಪತ್ತೈದು ವರ್ಷ ವಿಜ್ಞಾನ ಕಲಿಸಿದ್ದೇನೆ. ಹಾಗಾಗಿ ಐದಾರು ವರ್ಷಗಳ ಹಿಂದಿನ ಒಂದು ಬೆಳಿಗ್ಗೆ ನಡೆದದ್ದನ್ನು ನಂಬಿ ಎಂದು ನಿಮಗೆ ಹೇಳುವ ಮುಖ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಅಪ್ಪ ಕುಮಟಾದ ಡಾಕ್ಟರೊಬ್ಬರ ಬಳಿ ಕಂಪೌಂಡರ್ ಆಗಿದ್ದ. ಭಾರದ ಉಕ್ಕಿನ ಸೈಕಲ್ಲಿನಲ್ಲಿ ಊರೂರು ಸುತ್ತಿ ಇಂಜೆಕ್ಷನ್ ಕೊಟ್ಟು ಬರುತ್ತಿದ್ದ. ನನಗೆ ಹದಿನೇಳಾಗಿದ್ದಾಗ ಒಂದು ಭಾನುವಾರ ಹೊಸ ಬ್ರೇಕ್ ರಬ್ಬರ್ ತಂದುಕೊಟ್ಟು ಹಾಕಲು ಹೇಳಿದ. ಹಳೆಯವು ಪೂರ್ತಿ ಸವೆದಿದ್ದವು. ನಾನು ಹೊಸದನ್ನು ಕಿಸೆಗೆ ಹಾಕಿಕೊಂಡು ಕ್ರಿಕೆಟ್ಟಿಗೆ ಹೋದೆ. ಮರುದಿನ ಬೆಳಿಗ್ಗೆ "ರಬ್ಬರ್ ಹಾಕಿದ್ಯನಾ?" ಎಂದು ಅಂಗಳದಿಂದ ಕೇಳಿದ. ಹಾಸಿಗೆಯಲ್ಲಿ ಬಿದ್ದುಕೊಂಡೇ "ಆತು" ಎಂದೆ. ಅವತ್ತೇ ಕತಗಾಲದ ಆಚೆಯ ಇಳಿಜಾರಿನ ತಿರುವಿನಲ್ಲಿ ಅಪ್ಪ ಬಿದ್ದು ತೀರಿಕೊಂಡ. ಎದೆನೋವು ಬಂತೋ, ದನ ಅಡ್ಡ ಬಂತೋ, ನೋಡಿದವರಿಲ್ಲ. ನಾನು ಆ ರಬ್ಬರುಗಳನ್ನು ಬಾವಿಗೆ ಎಸೆದೆ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಸೈಕಲ್ಲನ್ನು ಮಾರಲು ಅಮ್ಮ ಒಪ್ಪಲಿಲ್ಲ. "ಅದು ನಿಂದು. ಸರಿ ಮಾಡ್ಸಿದ್ರೆ ಮಾಡ್ಸು, ಇಲ್ದಿದ್ರೆ ಹಾಗೇ ಇರ್ಲಿ" ಎನ್ನುತ್ತಿದ್ದಳು. ನಾನು ಧೈರ್ಯ ಮಾಡಿದ್ದು ಐವತ್ತು ದಾಟಿದ ಮೇಲೆ. ನಿಜ ಹೇಳಬೇಕೆಂದರೆ ರಿಪೇರಿ ಬರೀ ನೆಪ. ಬ್ರೇಕ್ ಬಿಚ್ಚಿಸಿ ನೋಡಬೇಕಿತ್ತು. ಒಂಚೂರಾದರೂ ರಬ್ಬರ್ ಉಳಿದಿದ್ದರೆ ಅಪ್ಪ ನನ್ನಿಂದ ಸತ್ತಿಲ್ಲ ಎಂದುಕೊಳ್ಳಬಹುದಿತ್ತು.

ಹಳೆಯ ಸೈಕಲ್ಲುಗಳ ಸಾಮಾನು ಇಟ್ಟುಕೊಂಡಿದ್ದ ಇಸ್ಮಾಯಿಲ್ ಮಿಸ್ತ್ರಿ ಎಂಬ ವಯಸ್ಸಾದವರು ಭಟ್ಕಳದಲ್ಲಿದ್ದರು. ಹಿಂದಿನ ಚಕ್ರದ ಬ್ರೇಕ್ ಕಳಚಿ ನನ್ನ ಕೈಗಿಟ್ಟರು. "ರಬ್ಬರ್ ಎಲ್ಲಿ ಅದೆ ಮಾಷ್ಟ್ರೆ? ಬರೀ ಕಬ್ಬಿಣ. ಇದ್ರ ಮೇಲೆ ಓಡಾಡ್ತಿದ್ದವ್ರು ಯಾರು?" ಆ ಕಬ್ಬಿಣವನ್ನು ಅವರ ಕೈಗೇ ವಾಪಸು ಕೊಟ್ಟು, ಎಲ್ಲ ಹೊಸತು ಹಾಕಿ ಎಂದೆ.

ಮೂರು ವಾರ ಹಿಡಿಯಿತು. ತುಕ್ಕು ಉಜ್ಜಿ, ಕಪ್ಪು ಬಣ್ಣ ಹೊಡೆದು, ಬೇರಿಂಗ್, ಚೈನು, ರಬ್ಬರ್ ಎಲ್ಲ ಹೊಸತು ಹಾಕಿದರು. ಅಂಗಡಿಯ ಎದುರಿನ ಇಳಿಜಾರಿನಲ್ಲಿ ತಾವೇ ಸೈಕಲ್ ಹತ್ತಿ, ಮತ್ತೆ ಮತ್ತೆ ಬ್ರೇಕ್ ಹಿಡಿದು ತೋರಿಸಿದರು. ಸೈಕಲ್ ಕಟ್ಟಿಹಾಕಿದ ಹಾಗೆ ನಿಲ್ಲುತ್ತಿತ್ತು.

ಆಮೇಲಿನ ಭಾನುವಾರ ಬೆಳಿಗ್ಗೆ ಅದನ್ನು ಕತಗಾಲದ ಇಳಿಜಾರಿಗೆ ಒಯ್ದೆ. ಯಾಕೆ ಎಂದು ಕೇಳಬೇಡಿ. ಬಿಸಿಲು ಬಂದಿತ್ತು, ರಸ್ತೆ ಒಣಗಿತ್ತು. ಬ್ರೇಕ್ ಅರ್ಧ ಹಿಡಿದೇ ಇಳಿಯತೊಡಗಿದೆ. ಸ್ವಲ್ಪ ದೂರ ಸೈಕಲ್ ಹೇಳಿದ ಮಾತು ಕೇಳಿತು. ಆಮೇಲೆ ಕೇಳಲಿಲ್ಲ. ಎರಡೂ ಬ್ರೇಕುಗಳನ್ನು ಬೆರಳು ನೋಯುವಷ್ಟು ಬಿಗಿಯಾಗಿ ಒತ್ತಿದೆ. ವೇಗ ಏರಿತು. ಬಗ್ಗಿ ನೋಡಿದೆ. ರಬ್ಬರ್ ರಿಮ್ಮನ್ನು ಕಚ್ಚಿ ಹಿಡಿದಿದೆ, ಕಣ್ಣಾರೆ ಕಂಡೆ, ಆದರೆ ಚಕ್ರ ತಿರುಗುತ್ತಲೇ ಇದೆ. ಉಜ್ಜುವ ಸದ್ದೂ ಇಲ್ಲ. ಕೆಳಗಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ನೆಲಕ್ಕೆ ಕಾಲು ಕೊಟ್ಟೆ, ಚಪ್ಪಲಿ ಹಾರಿಹೋಯಿತು. ಅಪ್ಪ ಬಿದ್ದ ತಿರುವು ಎದುರಿಗೇ ಬಂತು. ಹ್ಯಾಂಡಲ್ ಎಡಕ್ಕೆ ಎಳೆದು ಜಲ್ಲಿ ರಾಶಿಗೆ ನುಗ್ಗಿಸಿದೆ. ಬಸ್ಸು ಬೀಸಿದ ಗಾಳಿ ಬೆನ್ನಿಗೆ ತಾಗಿತು.

ಎದ್ದು ಸೈಕಲ್ ಎತ್ತಿ, ಅದೇ ಇಳಿಜಾರಿನಲ್ಲಿ ನೂಕಿ ಬ್ರೇಕ್ ಹಿಡಿದೆ. ನಿಂತಿತು. ಮತ್ತೆ ನೂಕಿದೆ. ಮತ್ತೆ ನಿಂತಿತು.

ಎರಡು ದಿನ ಬಿಟ್ಟು ನಡೆದದ್ದನ್ನು ಹೇಳಿ ಮಿಸ್ತ್ರಿಗೆ ತೋರಿಸಿದೆ. ಅವರು ರಬ್ಬರಿನ ಮೇಲೆ ಬೆರಳಾಡಿಸಿ ನನ್ನ ಮುಖ ನೋಡಿದರು. "ಅಷ್ಟು ದೂರ ಹಿಡ್ದಿದ್ರೆ ಇದು ಕಾದು ಸವೀಬೇಕಿತ್ತು ಮಾಷ್ಟ್ರೆ. ಕೊಟ್ಟ ಹಾಗೇ ಅದೆ. ನೀವು ಬ್ರೇಕ್ ಹಿಡೀಲೇ ಇಲ್ಲ."

ಹಿಡಿದಿದ್ದೆ. ದೇವರಾಣೆ ಹಿಡಿದಿದ್ದೆ.

ಅವತ್ತು ಸಂಜೆ ಅಮ್ಮ ನನ್ನ ಮೊಣಕೈ ಗಾಯಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ರಬ್ಬರ್, ಕ್ರಿಕೆಟ್ಟು, "ಆತು" ಎಂದ ಸುಳ್ಳು. ಅಳು ಬಂತು. ಅಮ್ಮನ ಕೈ ನಿಲ್ಲಲಿಲ್ಲ.

"ಗೊತ್ತಿತ್ತು" ಎಂದಳು. "ನಿನ್ನಪ್ಪಂಗೂ ಗೊತ್ತಿತ್ತು. ಬ್ರೇಕ್ ಹಿಡ್ದು ನೋಡ್ದೆ ಅಂವ ಯಾವತ್ತು ಹೊರಟಿದ್ದ? 'ಹಾಕ್ಲಿಲ್ಲ ಕಾಣ್ತದೆ, ಬಂದ್ಮೇಲೆ ನಾನೇ ಹಾಕ್ತೆ, ಅವಂಗೆ ಎಂತದೂ ಹೇಳ್ಬೇಡ' ಅಂದ. ನಾ ಹೇಳ್ಲಿಲ್ಲ."

ಬ್ರೇಕ್ ಯಾಕೆ ಹಿಡಿಯಲಿಲ್ಲ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅಪ್ಪನ ಕೆಲಸ ಎನ್ನಲು ಮನಸ್ಸು ಬಾರದು. ನನ್ನ ಸುಳ್ಳನ್ನು ಮುಚ್ಚಿಟ್ಟು ಹೊರಟವನು ನನ್ನನ್ನು ಯಾಕೆ ಹೆದರಿಸಿಯಾನು? ಅಲ್ಲ ಎನ್ನಲೂ ಆಗುತ್ತಿಲ್ಲ. ಆ ಇಳಿಜಾರು ಇಳಿಯದೇ ಇದ್ದಿದ್ದರೆ ನಾನು ಸಾಯುವವರೆಗೂ ಬಾಯಿ ಬಿಡುತ್ತಿರಲಿಲ್ಲ. ಅಮ್ಮನೂ ಬಿಡುತ್ತಿರಲಿಲ್ಲ.