ವಿಚಾರಣೆಗೆ ಜೊತೆಯಾದ ಅತ್ತೆ

ಹಾನಗಲ್ಲಿನ ನಮ್ಮ ಕಡೆ ಎತ್ತು ಕೊಳ್ಳಲು ಸಂತೆಗೆ ಹೋಗುವವನು ಎಂದೂ ಒಬ್ಬನೇ ಹೋಗುವುದಿಲ್ಲ. ಕೊಳ್ಳುವವನಿಗೆ ಗರಜು, ಬೇಕೇ ಬೇಕೆಂಬ ತುರ್ತು, ಇರುತ್ತದೆ; ಗರಜಿದ್ದವನ ಕಣ್ಣಿಗೆ ಕುಂಟೆತ್ತೂ ನೆಟ್ಟಗೆ ನಡೆಯುವಂತೆ ಕಾಣುತ್ತದೆ. ಆದ್ದರಿಂದ ಗರಜಿಲ್ಲದ ಒಬ್ಬ ಪಕ್ಕದಲ್ಲಿ ನಿಂತು, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು, ಸರಿಯಾದ ಹೊತ್ತಿಗೆ “ತಡೀ” ಎನ್ನಬೇಕು. ಅವನ ಕೆಲಸ ಅಷ್ಟೇ. ಓದುಗ ಮಿತ್ರರೇ, ಎತ್ತಿಗೇ ಇಷ್ಟು ಎಚ್ಚರ ವಹಿಸುವ ಜನ, ಇಪ್ಪತ್ತು ವರ್ಷದ ಮಗನನ್ನು ಕಾಲೇಜಿನ ಶಿಸ್ತಿನ ಸಮಿತಿಯೆದುರು ಒಂಟಿಯಾಗಿ ನಿಲ್ಲಿಸಿ, ದೊಡ್ಡವರು ಹೇಳಿದಂತೆ ಕೇಳು ಎಂದು ಕೈತೊಳೆದುಕೊಳ್ಳುತ್ತಾರಲ್ಲ, ಇದಕ್ಕೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ನಲವತ್ತರ ದಶಕದ ಆರಂಭದ ಮಾತು. ಪೆಟ್ರೋಲಿಲ್ಲದೆ ಮೋಟಾರುಗಳು ಇದ್ದಲಿಯ ಹೊಗೆಯಿಂದ ಓಡುತ್ತಿದ್ದ, ಊರೂರಿನ ಹುಡುಗರು ಜೈಲಿಗೆ ಹೋಗುತ್ತಿದ್ದ ಕಾಲ. ಪರವೂರಿನ ಕಾಲೇಜಿನಲ್ಲಿ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಒಂದು ಮುಂಜಾನೆ ನಾವು ನಾಲ್ವರು ಗೆಳೆಯರು ವೇಳೆಗೆ ಮೊದಲೇ ಗಂಟೆ ಬಾರಿಸಿ, ತರಗತಿಗಳೆಲ್ಲ ಬಯಲಿಗೆ ಬಂದ ಮೇಲೆ ಧ್ವಜ ಹಾರಿಸಿದೆವು. ಯಾರೋ ಪುಣ್ಯಾತ್ಮ, ನಾಲ್ವರಿದ್ದರೆಂದು ಹೇಳಿ, ನನ್ನೊಬ್ಬನ ಹೆಸರು ಬರೆದು ಅರ್ಜಿ ಕೊಟ್ಟ. ಪಾಲಕರೊಡನೆ ಹಾಜರಾಗಬೇಕೆಂದು ನೋಟೀಸು ಬಂತು. ಉಳಿದ ಮೂವರ ಹೆಸರು ಹೇಳಿ ಮಾಫಿ ಬರೆದುಕೊಟ್ಟರೆ ಪರೀಕ್ಷೆಗೆ ಕೂರಬಹುದು. ಇಲ್ಲವಾದರೆ ಕಾಲೇಜಿನಿಂದ ಹೊರಗೆ.

ಅಪ್ಪ ಹಾನಗಲ್ಲಿನಲ್ಲಿ ಸರಕಾರಿ ಶಾಲೆಯ ಮಾಸ್ತರರು. ಬರಲಿಲ್ಲ, ಹೆಸರು ಹೇಳಿ ಪಾರಾಗು ಎಂದು ಕಾರ್ಡು ಬರೆದರು. ಅವರನ್ನು ಹೇಡಿ ಎನ್ನಲಾರೆ, ಸರಕಾರದ ಅನ್ನದ ಮೇಲೆ ಮನೆಯಲ್ಲಿ ಐದು ಬಾಯಿಗಳಿದ್ದವು. ಆದರೂ ಆ ಕಾರ್ಡು ಓದಿ ಕಣ್ಣೀರು ಹಾಕಿದೆ. ಸುದ್ದಿ ಹೇಗೋ ಶಿಗ್ಗಾಂವದಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ಸೋದರತ್ತೆ ನೀಲವ್ವನಿಗೆ ಮುಟ್ಟಿತು. ವಿಚಾರಣೆಯ ದಿನ ಅವಳು ತಡಸ ಊರಿನ ಮಾರ್ಗವಾಗಿ ಇದ್ದಲಿ ಮೋಟಾರಿನಲ್ಲಿ, ಸೆರಗಿಗೆಲ್ಲ ಮಸಿ ಹಚ್ಚಿಕೊಂಡು ಬಂದಿಳಿದಳು. ಅಕ್ಷರ ಬಾರದವಳು, ಆದರೆ ಗಂಡ ಸತ್ತ ಮೇಲೆ ಪಂಚರೆದುರು ಕೂತು ವಾದಿಸಿ, ಅಂಗಡಿಯನ್ನು ಮೈದುನರ ಕೈಯಿಂದ ಬಿಡಿಸಿಕೊಂಡವಳು.

ಮೇಜಿನಾಚೆ ಪ್ರಿನ್ಸಿಪಾಲರು, ಇಬ್ಬರು ಪ್ರೊಫೆಸರರು. ಮೂವರೂ ಮನೆಯಲ್ಲಿ ಕನ್ನಡದಲ್ಲೇ ಉಪ್ಪು ಕೇಳುವವರು, ಆರೋಪವನ್ನು ಮಾತ್ರ ಇಂಗ್ಲಿಷಿನಲ್ಲಿ ಓದಿದರು. ಗೆಳೆಯರ ಹೆಸರು ಕೇಳಿದರು. ಸುಳ್ಳೇಕೆ ಹೇಳಲಿ, ಮೊದಲ ಹೆಸರು ನಾಲಗೆಯ ತುದಿಗೆ ಬಂದಿತ್ತು.

“ತಡೀ ತಮ್ಮಾ,” ಎಂದಳು ಅತ್ತೆ. “ಸಾಹೇಬ್ರ, ನನಗ ಇಂಗ್ಲಿಷ್ ತಿಳಿಯಂಗಿಲ್ರಿ. ಅಂವ ಏನ್ ಮಾಡ್ಯಾನ, ಕನ್ನಡದಾಗ ಹೇಳ್ರಿ.”

ಪ್ರಿನ್ಸಿಪಾಲರು ಕೆಮ್ಮಿದರು. “ಬಾಯಾರ, ಪಾಲಕರು ಇಲ್ಲಿ ಸುಮ್ನ ಕೂಡಬೇಕ್ರಿ.”

“ಸುಮ್ನ ಕೂಡಾಕ ಇಷ್ಟ್ ದೂರ ಯಾಕ ಬರಬೇಕಿತ್ರಿ? ಶಿಗ್ಗಾಂವದಾಗ ಕುಂಡ್ರತಿದ್ನಿ.”

ಕನ್ನಡದಲ್ಲಿ ಹೇಳಬೇಕಾಯಿತು. ಇಂಗ್ಲಿಷಿನಲ್ಲಿ ಅರ್ಧ ತಾಸು ಓದಿದ್ದ ಅಪರಾಧ ಕನ್ನಡದಲ್ಲಿ ಎರಡು ಮಾತಿಗೆ ಮುಗಿದುಹೋಯಿತು: ಗಂಟೆ ಬಾರಿಸಿದ, ಧ್ವಜ ಹಾರಿಸಿದ.

“ಖರೆ ಏನೋ?” ಎಂದು ಅತ್ತೆ ನನ್ನನ್ನು ಕೇಳಿದಳು. ಖರೆ ಎಂದೆ. “ಮಾಡಿದ್ದು ಒಪ್ಪಿದ್ನಿ ಅಂತಾನ್ರಿ. ಇನ್ನ ಫಿರ್ಯಾದಿ ಕರಸ್ರಿ. ನಮ್ಮ ಪಂಚರ ಮುಂದ ಫಿರ್ಯಾದಿ ಎದುರಿಗೇ ಕುಂಡ್ರತಾನ.”

ಅರ್ಜಿ ಬರೆದವನ ಹೆಸರು ಹೇಳುವಂತಿಲ್ಲ, ಅದು ಕಾಲೇಜು ಅವನಿಗೆ ಕೊಟ್ಟ ಮಾತು ಎಂದು ಪ್ರಿನ್ಸಿಪಾಲರು ತಾಳ್ಮೆಯಿಂದ ವಿವರಿಸಿದರು.

“ಹಂಗಾರ ನಿಮ್ಮ ಮಾತು ನೀವು ಉಳಿಸ್ಕೊಳ್ರಿ, ಇವನ ಮಾತು ಇಂವ ಉಳಿಸ್ಕೊಳ್ಳಲಿ. ಚಾಡಿ ಹೇಳ್ದಾಂವನ ಹೆಸರು ಮುಚ್ಚಿ ಇಡ್ತೀರಿ, ಗೆಳ್ಯಾರ ಹೆಸರು ಈ ಹುಡುಗ ಬಿಚ್ಚಬೇಕೇನ್ರಿ? ಯಾವ ಊರ ನ್ಯಾಯರೀ ಇದು?”

ನಾಲಗೆಯ ತುದಿಯ ಹೆಸರನ್ನು ನುಂಗಿಕೊಂಡು, “ಹೇಳೂದಿಲ್ರಿ” ಎಂದೆ. ನನ್ನದೇ ದನಿ ನನಗೆ ಹೊಸದಾಗಿ ಕೇಳಿಸಿತು. ಒಂದು ವರ್ಷ ಹೊರಗೆ ಹಾಕಿದರು.

ಗೆದ್ದೆವೆಂದು ಕಥೆ ಕಟ್ಟಲಾರೆ; ಸೋತೆವು. ಶಿಕ್ಷೆಯನ್ನು ತಡೆಯುವ ಶಕ್ತಿ ಅತ್ತೆಗೆ ಇರಲಿಲ್ಲ, ಹೆದರಿಕೆಯಲ್ಲಿ ನಾನು ಮಾಡಲಿದ್ದ ಹೇಸಿ ಕೆಲಸವೊಂದನ್ನು ತಡೆದಳು. ಮುಂದೆ ಹಿರೇಕೆರೂರಿನಲ್ಲಿ ನಾನೇ ಮಾಸ್ತರನಾದ ಮೇಲೆ, ಯಾವ ವಿದ್ಯಾರ್ಥಿಯ ವಿಚಾರಣೆಯಾದರೂ ಕರೆಯದೆ ಹೋಗಿ ಅವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಹೆಡ್ಮಾಸ್ತರರು ಮುಖ ಗಂಟಿಕ್ಕುತ್ತಿದ್ದರು. ಗಂಟಿಕ್ಕಲಿ, ಆರೋಪ ಹೊರಿಸುವವರು ಮೂವರಿರುವಾಗ ಹೊತ್ತವನ ಪಕ್ಕ ಒಬ್ಬನಿದ್ದರೆ ಶಿಸ್ತು ಕೆಟ್ಟುಹೋಗುವುದಾದರೆ, ಅಂಥ ಶಿಸ್ತು ಕೆಡುವುದೇ ಲೇಸು.

ನನ್ನನ್ನು ಹೊರಹಾಕಿದ ಮರುವಾರ ಆ ಮೂವರು ಗೆಳೆಯರಲ್ಲಿ ಒಬ್ಬ ತಾನಾಗಿ ಹೋಗಿ ತನ್ನ ಹೆಸರು ಹೇಳಿ, ಹೊರಬಿದ್ದು, ಗಂಟು ಹೊತ್ತು, ನಾನು ಸೇರಿಕೊಂಡಿದ್ದ ಶಿಗ್ಗಾಂವಕ್ಕೆ ಬಂದ. ವರ್ಷವಿಡೀ ನಾವಿಬ್ಬರೂ ಅತ್ತೆಯ ಅಂಗಡಿಯಲ್ಲಿ ಜೋಳ ಕೇರಿದೆವು. ಉಳಿದಿಬ್ಬರು ಪರೀಕ್ಷೆಗೆ ಕೂತು ಪಾಸಾದರು, ಒಂದು ಕಾರ್ಡನ್ನೂ ಬರೆಯಲಿಲ್ಲ. ನನಗೆ ಮೈಯೆಲ್ಲ ಉರಿದು, ಅವರ ಹೆಸರು ಈಗಲಾದರೂ ಬರೆದು ಕಳಿಸುತ್ತೇನೆ ಎಂದು ಕೂಗಾಡಿದೆ.

ಅತ್ತೆ ಮೊರ ಕೆಳಗಿಟ್ಟಳು. “ಒಂದ್ ವರ್ಷ ಕೊಟ್ಟು ಉಳಿಸ್ಕೊಂಡದ್ದನ್ನ ಈಗ ಬಿಟ್ಟಿ ಕೊಡ್ತಿಯೇನು?”

ಆ ಇಬ್ಬರೂ ಮುಂದೆ ದೊಡ್ಡ ಅಧಿಕಾರಿಗಳಾದರು. ಅವರಲ್ಲೊಬ್ಬರು ವಿದ್ಯಾರ್ಥಿಗಳಿಗೆ ಧೈರ್ಯದ ಬಗ್ಗೆ ಭಾಷಣ ಮಾಡುವುದನ್ನು ನೀವೂ ಕೇಳಿರಬಹುದು. ಯಾರವರು ಎಂದು ಮಾತ್ರ ಕೇಳಬೇಡಿ, ಮಿತ್ರರೇ. ಹೇಳುವುದಿಲ್ಲ.