ಅಂಬುಬಾಯಿಯ ದನಿ, ನರಸಿಂಗನ ಕಾಯ್ದೆ

ಬಸವಕಲ್ಯಾಣದ ಕೋಟೆ ರಸ್ತೆಯಲ್ಲಿ ನರಸಿಂಗನ ಅಂಗಡಿಗೆ ಮೊಬೈಲ್ ರಿಪೇರಿಗೆಂದು ಹೋದವರು ಕೆಟ್ಟ ಮೊಬೈಲನ್ನೇ ಹಿಡಿದು ವಾಪಸು ಬರುವುದುಂಟು. ಒಂದು ಅಭಿಪ್ರಾಯ ಕಟ್ಟಿಸಿಕೊಳ್ಳದೆ ಬರುವುದಿಲ್ಲ. ಒಡೆದ ಗಾಜು ಬದಲಿಸುತ್ತಲೇ ಅವನು ಮಡಕೆಯ ನೀರು ಯಾಕೆ ತಣ್ಣಗಿರುತ್ತದೆ ಎಂದು ಶುರುಮಾಡುತ್ತಾನೆ. ಸಿಮೆಂಟಿನ ಮನೆ ಹೊತ್ತು ಮುಳುಗಿದ ಮೇಲೂ ಯಾಕೆ ಕುದಿಯುತ್ತದೆ ಎಂಬಲ್ಲಿಗೆ ಬರುತ್ತಾನೆ. ಅಲ್ಲಿಂದ ಸಾಫ್ಟ್‌ವೇರಿಗೆ ಹಾರಿದರೆ ಮುಂದೆ ಕಾಯ್ದೆ ತಪ್ಪಿದ್ದಲ್ಲ.

"ಫೋನಿನ್ಯಾಗ 'ಒಪ್ಪಿಗೆ' ಅಂತ ಒಂದ್ ಗುಂಡಿ ಬರ್ತದಲ್ರಿ, ಅದನ್ನ ಓದಲಾರ್ದ ಒತ್ತೂದು ಅಂದ್ರ ಖಾಲಿ ಸ್ಟ್ಯಾಂಪ್ ಪೇಪರಿನ ಮ್ಯಾಲ ಹೆಬ್ಬಟ್ಟು ಒತ್ತಿದಂಗ. ಬಾಬಾಸಾಹೇಬರು ನಮಗ ಓದ್ರಿ ಅಂದಿದ್ದು ಇದಕ್ಕ."

ಪಕ್ಕದ ಚಹಾ ಹೋಟೆಲಿನ ಅಜೀಮುದ್ದೀನ್ ಗಿರಾಕಿಯ ಮುಂದೆ ಕಪ್ಪು ಬಸಿ ಇಟ್ಟು ನಗುತ್ತಿದ್ದ. "ನರಸಿಂಗಭಾಯ್, ಚಾ ಆರಾಕತ್ತದ. ಕಾಯ್ದೆ ಆಮ್ಯಾಲ ಹೇಳ್ರಿ."

"ಚಾ ಆರೂದೂ ಸೈನ್ಸೇ. ಬಸಿಗಿ ಹಾಕಿದ್ರ ಲಗೂನ ಯಾಕ ಆರ್ತದ, ಹೇಳು ನೋಡೋಣ?"

"ನನಗೇನ್ ಗೊತ್ರಿ. ಬಸಿ ತೊಳಿಯೋದು ಯಾರು ಅನ್ನೋದಷ್ಟ ಗೊತ್ತದ."

ರತ್ನಮಾಲಾ ಈ ಮಾತುಗಳನ್ನು ಮದುವೆಯಾದಾಗಿನಿಂದ ಕೇಳಿಕೊಂಡು ಬಂದವಳು. ಗಂಡ ಓದಿ ಹೇಳುತ್ತಿರುವುದು ಯಾವುದು, ಆಗಿಂದಾಗ ಹೊಸೆದು ಹೇಳುತ್ತಿರುವುದು ಯಾವುದು ಎಂಬುದು ಅವನ ದನಿಯ ಮೇಲೇ ಅವಳಿಗೆ ತಿಳಿಯುತ್ತದೆ. ಹೊಸೆದು ಹೇಳುವಾಗ ದನಿ ಸ್ವಲ್ಪ ದೊಡ್ಡದಾಗುತ್ತದೆ. ಸಂಜೆ ಬುದ್ಧನ ಫೋಟೋದ ಮುಂದೆ ಮೇಣಬತ್ತಿ ಹಚ್ಚಿ, ತ್ರಿಶರಣ ಹೇಳಿ, ರೊಟ್ಟಿ ಬಡಿಯಲು ಕುಳಿತರೆ ಅವನು ಒಲೆಯ ಪಕ್ಕ ಬಂದು ರೊಟ್ಟಿ ಉಬ್ಬುವುದರ ಕಾರಣ ಹೇಳುತ್ತಾನೆ. ಅವಳು ಹೂಂಗುಡುತ್ತಾಳೆ. ರೊಟ್ಟಿ ಅವನು ಹೇಳಿದರೂ ಉಬ್ಬುತ್ತದೆ, ಹೇಳದಿದ್ದರೂ ಉಬ್ಬುತ್ತದೆ.

ಮದುವೆಯ ಹೊಸತರಲ್ಲಿ ನರಸಿಂಗ ಇನ್ನೂ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ರತ್ನಮಾಲಾಳ ತವರು ಮನ್ನಾಏಖೇಳ್ಳಿಗೆ ಮೊದಲ ಸಲ ಅಳಿಯನಾಗಿ ಹೋದಾಗ ಕೈಯಲ್ಲಿ ಮಿಠಾಯಿ ಪುಡಿಕೆಯ ಜೊತೆ ಬ್ಯಾಟರಿಯ ಟೇಪ್ ರೆಕಾರ್ಡರೂ ಇತ್ತು. ಊರಿನ ಹುಡುಗರೆಲ್ಲ ಮಿಠಾಯಿಯನ್ನು ಬಿಟ್ಟು ಅದರ ಸುತ್ತ ಕೂತರು.

ಅತ್ತೆ ಅಂಬುಬಾಯಿ ಹೊಲದ ಕೂಲಿಗೆ ಹೋಗುವ ಮೊದಲು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳು. ಜೋಳಕ್ಕೆ ಗಿರಣಿ ಬಂದಿತ್ತು, ಆದರೆ ಬೇಳೆ ಒಡೆಯುವುದು ಮನೆಯ ಕಲ್ಲಿನಲ್ಲೇ. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈ ಕಾಳಿನ ಮೇಲೆ, ಬಾಯಲ್ಲಿ ಹಾಡು. ತೊಟ್ಟಿಲ ಹಾಡನ್ನೂ ಅವಳು ಕಲ್ಲಿನ ಮುಂದೆಯೇ ಹೇಳುತ್ತಿದ್ದಳು. ಆ ಮನೆಯ ಮಕ್ಕಳು ತೂಗಿದ್ದಕ್ಕಿಂತ ಆ ಗರಗರ ಸದ್ದಿಗೇ ಹೆಚ್ಚು ಮಲಗಿದವರು.

ಹಾಸಿಗೆಯಿಂದ ಎದ್ದವನೇ ನರಸಿಂಗ ಟೇಪ್ ರೆಕಾರ್ಡರ್ ತಂದು ಕಲ್ಲಿನ ಪಕ್ಕ ಇಟ್ಟ. ಅಂಬುಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಇದೇನ್ರಿ ಅಳಿಯಂದ್ರ, ನನ್ನ ದನಿ ತಗೊಂಡು ಏನ್ ಮಾಡ್ತೀರಿ?"

"ಇಟ್ಕೋತೀನ್ರಿ ಅತ್ತಿ. ನೀವು ಇಲ್ಲಿ ಹಾಡ್ರಿ, ಕಲ್ಯಾಣದಾಗ ಕೇಳ್ತೀನಿ."

"ದನಿ ಒಯ್ದ್ರ ನಾ ಮೂಕಿ ಆಗೂದಿಲ್ಲಲ್ಲ?"

ಒಳಗೆ ಒಲೆ ಊದುತ್ತಿದ್ದ ರತ್ನಮಾಲಾಳಿಗೆ ನಗು ತಡೆಯಲಾಗಿರಲಿಲ್ಲ. ಆಮೇಲೆ ಕಲ್ಲು ತಿರುಗಿತು, ಹಾಡು ಶುರುವಾಯಿತು.

*ಕೂಸು ಮಲಗಲಿ ಎಂದು ಗಾಳಿ ಮೆಲ್ಲಕೆ ಬೀಸಿ*
*ಜ್ವಾಳದ ತೆನಿಯು ತಲಿಬಾಗಿ | ಕೇಳ್ಯಾವ*
*ಹಡೆದವ್ವನ ಬಳೆಯ ದನಿಯನ್ನ*

ಎಷ್ಟೋ ವರ್ಷಗಳಾದ ಮೇಲೆ ಅಂಬುಬಾಯಿ ತೀರಿಕೊಂಡಳು. ಅಷ್ಟರಲ್ಲಿ ನರಸಿಂಗನ ಅಂಗಡಿಗೆ ಕಂಪ್ಯೂಟರ್ ಬಂದಿತ್ತು. ಅವನು ಕ್ಯಾಸೆಟ್ಟಿನ ಹಾಡನ್ನು ಅದಕ್ಕೆ ಇಳಿಸಿಕೊಂಡ, ಹಿಂದು ಮುಂದಿನ ಮಾತುಗಳನ್ನು ಕತ್ತರಿಸಿದ, ಅತ್ತೆಯ ಒಂದು ಫೋಟೋ ಜೋಡಿಸಿ ಇಂಟರ್‌ನೆಟ್ಟಿನ ವಿಡಿಯೊ ತಾಣದಲ್ಲಿ ಹಾಕಿದ. ಬಳಗದವರೆಲ್ಲ ತಮ್ಮ ತಮ್ಮ ಊರಲ್ಲಿ ಕೂತು ಕೇಳಿ ಕಣ್ಣೊರೆಸಿಕೊಂಡರು. ನರಸಿಂಗನಿಗೆ ಹೆಮ್ಮೆಯೋ ಹೆಮ್ಮೆ. ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದರಲ್ಲಿದ್ದುದನ್ನೆಲ್ಲ ಅಳಿಸಿಯೇ ಬಿಟ್ಟ.

"ಅವ್ವನ ಹಾಡು ಇದಕ್ಕ ಹಾಕ್ಕೊಳ್ಳಲಿಲ್ಲೇನ್ರಿ?" ಎಂದು ರತ್ನಮಾಲಾ ಕೇಳಿದ್ದಳು.

"ಹುಚ್ಚಿ, ಮನ್ಯಾಗಿಂದು ಇಲಿ ಕಡೀತದ, ಸಿಡಿಲು ಬಡೀತದ. ನೆಟ್‌ನ್ಯಾಗಿಂದು ಯಾರ್ ಮುಟ್ತಾರ?" ದನಿ ಸ್ವಲ್ಪ ದೊಡ್ಡದಾಗಿತ್ತು.

ಈ ವರ್ಷ ಹುಮನಾಬಾದಿನಿಂದ ಸ್ನೇಹಲಳ ಫೋನು ಬಂತು. ಸ್ನೇಹಲ ರತ್ನಮಾಲಾಳ ತಂಗಿಯ ಮಗಳು. ತಂಗಿ ಹೆರಿಗೆಯಲ್ಲೇ ಹೋಗಿಬಿಟ್ಟಿದ್ದರಿಂದ ಕೂಸನ್ನು ಸಾಕಿದವಳು ಅಜ್ಜಿ ಅಂಬುಬಾಯಿಯೇ. ಈಗ ಸ್ನೇಹಲಳಿಗೆ ಹೆಣ್ಣುಮಗು ಹುಟ್ಟಿತ್ತು. ಬರುವ ಭಾನುವಾರ ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು.

"ದೊಡ್ಡವ್ವಾ, ಆಯಿದು ಹಾಡು ಹಚ್ಚಿದ್ರ ಬರೇ ಫೋಟೋ ಕಾಣ್ತದ. ದನಿ ಇಲ್ಲ. ನನ್ನ ಫೋನ್ ಕೆಟ್ಟದೇನಂತ ಇವರ ಫೋನಿನ್ಯಾಗೂ ನೋಡ್ದೆ. ಅದ್ರಾಗೂ ಇಲ್ಲ." ಆ ಕಡೆ ಕೂಸನ್ನು ತಟ್ಟುವ ಸದ್ದು ಕೇಳಿಸಿತು. "ನನಗ ಅವ್ವನ ದನಿ ಗೊತ್ತೇ ಇಲ್ಲ. ನನಗ ಇರೂದು ಆಯಿ ದನಿ ಒಂದೇ. ನನ್ನ ಕೂಸಿನ ತೊಟ್ಟಿಲಕ್ಕ ಅದು ಬೇಕು ದೊಡ್ಡವ್ವಾ."

ನರಸಿಂಗ ತಾಣ ತೆರೆದು ನೋಡಿದ. ಯಾವುದೋ ಸಂಗೀತ ಕಂಪನಿಗೆ ಸೇರಿದ ಹಾಡು ಇದರಲ್ಲಿದೆ, ಆದ್ದರಿಂದ ದನಿ ತೆಗೆಯಲಾಗಿದೆ ಎಂದು ಒಂದು ಒಕ್ಕಣೆ ಬಂದಿತ್ತು. ಅವನ ಮುಖ ಕೆಂಪಾಯಿತು.

"ನಮ್ಮತ್ತಿ ಹಾಡು ಕಂಪನಿದಂತ! ಯಾವ ಕಂಪನಿ ಅತ್ತಿ ಜೋಡಿ ಬೀಸಾಕ ಕುಂತಿತ್ತು? ಜನಪದ ಹಾಡಿಗಿ ಮಾಲಕ ಇರೂದಿಲ್ಲ. ಕಾಯ್ದೆ ಅದ!"

ಆ ಸಂಜೆ ಅವನು ತಾಣಕ್ಕೆ ಉದ್ದನೆಯ ತಕರಾರು ಬರೆದ. ಜನಪದ ಎಂದರೇನು, ಮೂರು ಸಾಲಿನ ಹಾಡು ಎಷ್ಟು ಹಳೆಯದು, ಬಡವರ ಮನೆಯ ಹೆಣ್ಣುಮಕ್ಕಳ ಹಾಡು ಯಾರ ಆಸ್ತಿ, ಎಲ್ಲ ಬರೆದ. ಸಂವಿಧಾನದ ಕಲಮುಗಳನ್ನೂ ಸೇರಿಸಿದ. ಉತ್ತರ ಬಂತು: ಕಂಪನಿ ಪರಿಶೀಲಿಸುವವರೆಗೆ ತಿಂಗಳ ಮಟ್ಟಿಗೆ ಕಾಯಬೇಕು.

"ಭಾನುವಾರ ಕಾಯೂದಿಲ್ಲಲ್ರಿ" ಎಂದಳು ರತ್ನಮಾಲಾ.

ಅಜೀಮುದ್ದೀನ್‌ಗೂ ಸುದ್ದಿ ಮುಟ್ಟಿತು. "ಭಾಯ್, ಇಷ್ಟ್ ದಿನ ಎಲ್ಲರಿಗಿ ಕಾಯ್ದೆ ಹೇಳಿದ್ರಿ. ಈಗ ಕಾಯ್ದೆ ನಿಮಗ ಹೇಳಾಕತ್ತದ." ಹೇಳಿದ ಮೇಲೆ ಗೆಳೆಯನ ಮುಖ ನೋಡಿ ನಗು ನಿಲ್ಲಿಸಿ, ಕೇಳದೆಯೇ ಒಂದು ಚಹಾ ತಂದಿಟ್ಟ.

ನರಸಿಂಗ ಚಹಾ ಮುಟ್ಟಲಿಲ್ಲ. ಮನೆಗೆ ಬಂದವನು ಗೋಡೆಗೊರಗಿ ಕೂತ. ರತ್ನಮಾಲಾ ಅವನನ್ನು ಬೈಯಬಹುದಿತ್ತು. ಅವಳ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಹಾಡು ಇಷ್ಟು ವರ್ಷ ಉಳಿದಿದ್ದೂ ಈ ಮನುಷ್ಯನ ಹುಚ್ಚಿನಿಂದಲೇ ಅಲ್ಲವೇ? ಅವಳು ಎದ್ದು ಹೋಗಿ ಅಟ್ಟದ ಮೇಲಿನ ಟ್ರಂಕು ಇಳಿಸಿದಳು. ಅವನು ಎಸೆಯುವ ಗಂಟಿಗೆ ಹಾಕಿದ್ದ ಕ್ಯಾಸೆಟ್ಟುಗಳನ್ನು ಅವಳು ತಾಯಿಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿಟ್ಟಿದ್ದಳು. ಕೇಳಲು ಟೇಪ್ ರೆಕಾರ್ಡರ್ ನಡೆಯುತ್ತಿರಲಿಲ್ಲ. ಆದರೂ ಎಸೆಯಲು ಮನಸ್ಸು ಬಂದಿರಲಿಲ್ಲ, ಅಷ್ಟೆ.

"ಇದ್ರಾಗ ಆ ಹಾಡು ಅದ ಏನ್ ನೋಡ್ರಿ."

ಬೇಕಾದ ಕ್ಯಾಸೆಟ್ ಸಿಕ್ಕಿತು. ಒಳಗಿನ ರೀಲು ತುಂಡಾಗಿತ್ತು, ಒಂದು ಅಂಚಿಗೆ ಬೂಷ್ಟು ಹಿಡಿದಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡುತ್ತ ನೋಡುತ್ತ ನರಸಿಂಗನ ಬೆನ್ನು ನೆಟ್ಟಗಾಯಿತು. ಮರುದಿನ ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು ಕೂತ. ಟೇಪ್ ರೆಕಾರ್ಡರಿನ ಸಡಿಲಾದ ಬೆಲ್ಟ್ ಬದಲಿಸಿದ. ಹತ್ತಿಯಿಂದ ಬೂಷ್ಟು ಒರೆಸಿದ, ತುಂಡಾದ ಕಡೆ ಸಣ್ಣ ಅಂಟುಪಟ್ಟಿ ಹಚ್ಚಿದ, ಪೆನ್ಸಿಲ್ ತೂರಿಸಿ ರೀಲು ಸುತ್ತಿದ. ರತ್ನಮಾಲಾ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಮದುವೆಯ ಹೊಸತರಲ್ಲಿ ಅವಳು ಊಟದ ಡಬ್ಬಿ ತಂದಾಗ ಕಾಣುತ್ತಿದ್ದವನೂ ಹೀಗೇ, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು, ರೀಲಿನ ಮೇಲೆ ಬಾಗಿದ ಹುಡುಗ. ಆಗ ತಲೆ ಕಪ್ಪಗಿತ್ತು.

ಗುಂಡಿ ಒತ್ತಿದ. ಮೊದಲು ಬರೀ ಸರಸರ. ಆಮೇಲೆ ಕಲ್ಲು ತಿರುಗಿತು. ಆಮೇಲೆ ಅವ್ವ.

ರತ್ನಮಾಲಾ ಕಣ್ಣು ಮುಚ್ಚಿಕೊಂಡಳು. ತಾಯಿಯ ದನಿಯನ್ನು ಕೇಳಿದಳು, ದನಿಯ ಕೆಳಗಿನ ಬಳೆಯ ಸದ್ದು ಕೇಳಿದಳು, ಅದರಾಚೆ ಕೋಳಿ ಕೂಗಿದ್ದು ಕೇಳಿದಳು. ಅದರ ಇನ್ನೂ ಆಚೆ, ದೂರದಲ್ಲಿ, ಇನ್ನೊಂದು ಹಾಡು. ಅವಳು ಕಣ್ಣು ತೆರೆದಳು.

"ರೀ, ಹೈವೇ ಮ್ಯಾಗಿನ ಹೋಟೆಲ್!"

"ಎಲ್ಲಿ?"

"ಅವ್ವನ ಹಿಂದ. ಮೊದಲ್ನೇ ಬಸ್ಸಿನ ಹೊತ್ತಿಗಿ ಬಸ್‌ಸ್ಟಾಪ್ ಹೋಟೆಲಿನವರು ಮೈಕಿನ ಹಾರ್ನಿನ್ಯಾಗ ಹಿಂದಿ ಪಿಚ್ಚರ್ ಹಾಡು ಹಚ್ಚತಿದ್ರಲ್ಲ. ಅದೇ ನೋಡ್ರಿ."

ನರಸಿಂಗ ಕಿವಿಯನ್ನು ಟೇಪ್ ರೆಕಾರ್ಡರಿಗೆ ಹಚ್ಚಿ ಕೇಳಿದ. ಬಾಗಿಲಲ್ಲಿ ಇಣುಕಿದ ಅಜೀಮುದ್ದೀನ್ ಒಂದು ಕ್ಷಣ ಕೇಳಿ ಆ ಹಾಡನ್ನು ಮುಂದಿನ ಸಾಲಿನಿಂದ ಗುನುಗಿಯೇ ಬಿಟ್ಟ. ತಾಣದ ಮಷೀನು ಹೇಳಿದ್ದು ಸುಳ್ಳಾಗಿರಲಿಲ್ಲ. ಕಂಪನಿಯ ಹಾಡು ಇತ್ತು. ಅಂಬುಬಾಯಿಯ ಬೆನ್ನ ಹಿಂದೆ, ಎರಡು ಓಣಿ ದಾಟಿ ಬಂದು ಕೂತಿತ್ತು.

ನರಸಿಂಗ ದೊಡ್ಡದಾಗಿ ನಕ್ಕ. ಆ ವಾರದಲ್ಲಿ ಮೊದಲ ಸಲ ನಕ್ಕಿದ್ದ. "ಹಂಗಾದ್ರ ಔಷಧ ಅದ. ಹಾಡಿನ್ಯಾಗಿಂದು ಬರೇ ಮನುಷ್ಯಾರ ದನಿ ಎತ್ತಿ ತಗಿಯೂ ಸಾಫ್ಟ್‌ವೇರ್ ಬಂದದ. ಬಿಟ್ಟಿ ಸಿಗ್ತದ. ಹೋಟೆಲ್ ತಗದು ಹಾಕ್ತೀನಿ, ವಾಪಸ್ ನೆಟ್‌ನ್ಯಾಗ ಏರಿಸ್ತೀನಿ. ಕಂಪನಿ ಏನ್ ಮಾಡ್ತದ ನೋಡೋಣ."

ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಅವನು ಹಾಗೇ ಮಾಡಿದ. ಶನಿವಾರ ಮಧ್ಯಾಹ್ನ ಹೆಂಡತಿಯನ್ನು ಕೂರಿಸಿ ಕೇಳಿಸಿದ. ಹೋಟೆಲ್ ಹೋಗಿತ್ತು. ಕೋಳಿಯೂ ಹೋಗಿತ್ತು. ಕಲ್ಲಿನ ಗರಗರ, ಬಳೆ, ಕಾಳು ಹಾಕಲು ಬಾಗಿದಾಗ ಉಸಿರು ತುಂಡಾಗುತ್ತಿದ್ದುದು, ಯಾವುದೂ ಇರಲಿಲ್ಲ. ನುಣ್ಣಗಾದ ದನಿಯೊಂದು ಗಾಜಿನ ಡಬ್ಬಿಯೊಳಗೆ ನಿಂತು ಹಾಡುತ್ತಿತ್ತು.

"ಹ್ಯಾಂಗದ?" ಎಂದ ನರಸಿಂಗ.

"ಛಲೋ ಅದ."

"ಮತ್ತ ಮುಖ ಯಾಕ ಹಂಗ ಮಾಡ್ದಿ?"

"ಇಕಿ ಯಾರರ ಆಗ್ಲಿ, ನಮ್ಮವ್ವ ಅಲ್ಲ. ನಮ್ಮವ್ವ ಬರೇ ಕುಂತು ಹಾಡಿದಾಕಿ ಅಲ್ಲ."

"ಅರೇ, ಅಕಿ ದನಿನೇ ಅಲ್ಲೇನು? ಒಂದು ಸುರ ನಾ ಬದಲಿ ಮಾಡಿಲ್ಲ. ಸೈನ್ಸ್ ಪ್ರಕಾರ..."

"ಸೈನ್ಸ್ ಪ್ರಕಾರ ಖರೇ ಇರಬೇಕ್ರಿ" ಎಂದಳು ಅವಳು ಮೆಲ್ಲಗೆ. "ಆದ್ರ ಸ್ನೇಹಲ ಮಲಗಿದ್ದು ಕಲ್ಲಿನ ಸಪ್ಪಳಕ್ಕ."

"ಕ್ಯಾಸೆಟ್ಟಿನ್ಯಾಗಿಂದು ನೆಟ್‌ನ್ಯಾಗ ಹಾಕಾಕ ಆಗೂದಿಲ್ಲ. ಬಳಗದವರು ಕೇಳಾಕ ಸಿಗೂದಿಲ್ಲ, ತಿಳೀತೇನು?"

"ತಿಳೀತ್ರಿ. ಮೊದಲು ಕೂಸು ಕೇಳ್ಲಿ."

ನರಸಿಂಗ ಪರದೆ ಆರಿಸಿದ. ವಾದಕ್ಕೆ ಅವನಲ್ಲಿ ಮಾತು ಕಡಿಮೆಯಿರಲಿಲ್ಲ. ಆದರೂ ಎದ್ದು, ಟೇಪ್ ರೆಕಾರ್ಡರನ್ನು ಅದೇ ಇಳಕಲ್ ಸೀರೆಯಲ್ಲಿ ಸುತ್ತತೊಡಗಿದ. "ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೋಬೇಕು. ಕುಲುಕಿದ್ರ ಅಂಟು ಬಿಡ್ತದ" ಎಂದ.

ಭಾನುವಾರ ಹುಮನಾಬಾದಿನ ಆ ಪುಟ್ಟ ಮನೆ ಹೆಣ್ಣುಮಕ್ಕಳಿಂದ ತುಂಬಿತ್ತು. ಬುದ್ಧವಂದನೆ ಮುಗಿಯಿತು. ತೊಟ್ಟಿಲ ಮೇಲೆ ಒಮ್ಮೆ, ಕೆಳಗೆ ಒಮ್ಮೆ ಕೂಸನ್ನು ದಾಟಿಸಿ, ಕಿವಿಯಲ್ಲಿ 'ಸುಜಾತಾ' ಎಂದು ಹೆಸರು ಹೇಳಿ ಮಲಗಿಸಿದರು. ನರಸಿಂಗ ಟೇಪ್ ರೆಕಾರ್ಡರನ್ನು ತೊಟ್ಟಿಲ ಹತ್ತಿರ ಇಟ್ಟು ಗುಂಡಿ ಒತ್ತಿದ.

ಕಲ್ಲು ತಿರುಗಿದ ಕೂಡಲೇ ಸ್ನೇಹಲ ತೊಟ್ಟಿಲ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಾಡಿನ ಜೊತೆಗೆ ಅವಳ ಕೈ ತಾನಾಗಿಯೇ ತೂಗುತ್ತಿತ್ತು. ನಡುವೆ ಹೋಟೆಲಿನ ಹಾಡು ಮೇಲೆದ್ದಾಗ ಮುದುಕಿಯೊಬ್ಬಳು "ಅಯ್ಯ, ಇದು ನಮ್ಮ ಲಗ್ನದಾಗ ಹಚ್ಚಿದ್ರು" ಎಂದಳು. ಎಲ್ಲರೂ ನಕ್ಕರು. ಸ್ನೇಹಲ ಅಳುತ್ತಲೇ ನಕ್ಕಳು. ಕೂಸು ಮುಷ್ಟಿ ಬಿಗಿದು ನಿದ್ದೆಹೋಗಿತ್ತು.

ಹಾಡು ಮುಗಿಯಿತು. ಅಂಗಡಿಯಲ್ಲಿ ಕೇಳಿದಾಗಲೆಲ್ಲ ರೀಲು ಸವೆಯಬಾರದೆಂದು ನರಸಿಂಗ ಇಲ್ಲಿಗೇ ನಿಲ್ಲಿಸುತ್ತಿದ್ದ. ಈಗ ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದ, ನಿಲ್ಲಿಸುವುದು ಮರೆತ. ರೀಲು ಮುಂದೆ ಹೋಯಿತು. ಕಲ್ಲು ನಿಧಾನವಾಗಿ ನಿಂತಿತು. ಬಳೆಗಳು ಸರಿದವು. ಅಂಬುಬಾಯಿ ಮಾತಾಡಿದಳು.

"ಸಾಕೇನ್ರಿ ಅಳಿಯಂದ್ರ? ಇನ್ನ ಬ್ಯಾಳಿ ಬಾಳ ಅದ. ಏ ರತ್ನಾ, ಎಲ್ಲಿದ್ದಿ? ಚಾ ಇಡವ್ವಾ, ಮಂದಿ ಕುಂತಾರ."

"ಹೂನ್‌ಯವ್ವಾ, ಇಟ್ಟೆ" ಎಂದಳು ರತ್ನಮಾಲಾ. ಸೆರಗು ಸಿಗಿಸಿಕೊಂಡು ಎದ್ದು ಅಡುಗೆಮನೆಗೆ ಹೋಗಿ, ದೊಡ್ಡ ಪಾತೆಲಿಗೆ ನೀರು ಹಾಕಿದಳು.